ಪೋಡಿನಿಂದ ಹೊರಟ ಪ್ರಶ್ನೆಗಳು

1952ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಚಿಕ್ಕ ಪ್ರಬಂಧ ಅಚ್ಚಾಯಿತು. ಲೇಹ್ಮನ್ ಮತ್ತು ಕಟ್‌ಬುಶ್ ಎಂಬಿಬ್ಬರು ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷಿಸಿ, ಕುಡುಗೋಲಿನಂತೆ ಬಾಗುವ ಕೆಂಪುಕಣಗಳು ಅಲ್ಲೂ ಇವೆ ಎಂದು ವರದಿ ಮಾಡಿದ್ದರು. ಆಫ್ರಿಕಾ ಮೂಲದವರಿಗಷ್ಟೇ ಬರುವ ಕಾಯಿಲೆ ಎಂದುಕೊಂಡಿದ್ದ ವೈದ್ಯಲೋಕಕ್ಕೆ ಅದು ದೊಡ್ಡ ಸುದ್ದಿ. ಆದರೆ ಅದರ ಬೆನ್ನಿಗೆ ಎದ್ದ ಚರ್ಚೆಯೆಲ್ಲ ಬೇರೆ ದಾರಿ ಹಿಡಿಯಿತು. ಈ ಜನ ಯಾವ ‘ಜನಾಂಗ’, ಎಲ್ಲಿಂದ ಬಂದರು, ಅರೇಬಿಯಾಕ್ಕೂ ಆಫ್ರಿಕಾಕ್ಕೂ ಇವರಿಗೂ ಏನು ನಂಟು ಎಂಬುದೇ ಕುತೂಹಲದ ವಿಷಯವಾಯಿತು. ಇಂಥ ರಕ್ತದವರ ಮನೆಯಲ್ಲಿ ಮಗು ಕೈಕಾಲು ನೋವೆಂದು ರಾತ್ರಿಯಿಡೀ ಅಳುವುದು ಏಕೆ, ಅದಕ್ಕೆ ಏನು ಮಾಡಬೇಕು ಎಂಬುದನ್ನು ಕೇಳುವ ಪುರುಸೊತ್ತು ಯಾರಿಗೂ ಇದ್ದಂತಿಲ್ಲ.

ಕುಡುಗೋಲು ಕಣದ ರಕ್ತಹೀನತೆಯನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. ಏಳು ಕೋಟಿ ಜನರ ತಪಾಸಣೆ, 2047ರ ಗಡುವು. ಪ್ರಬಂಧಕ್ಕೂ ಅಭಿಯಾನಕ್ಕೂ ನಡುವೆ 71 ವರ್ಷಗಳ ಅಂತರ. ಈ ನಡುವೆ ವಿಜ್ಞಾನಕ್ಕೆ ಉತ್ತರ ಗೊತ್ತಿರಲಿಲ್ಲ ಎನ್ನುವಂತಿಲ್ಲ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂಬುದು ಹಳೆಯ ಲೆಕ್ಕ. ನೀರು ಕಡಿಮೆಯಾದರೆ, ಚಳಿ ಬಡಿದರೆ, ಸೋಂಕು ತಗುಲಿದರೆ ನೋವು ಕೆರಳುತ್ತದೆ ಎಂಬುದು ಗೊತ್ತಿತ್ತು. ನೋವಿನ ಸರದಿಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ದಶಕಗಳಿಂದ ಇದೆ. ಗೊತ್ತಿದ್ದದ್ದು ಗೊತ್ತಿರಬೇಕಾದವರ ಮನೆಗೆ ಹೋಗಲಿಲ್ಲ, ಅಷ್ಟೇ.

ಬುಡಕಟ್ಟು ಜನರ ಬಗ್ಗೆ ಸಂಶೋಧನೆ ಕಡಿಮೆಯಾಗಿದೆ ಎಂದು ವಾದಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಶೋಧನೆ ಬೇಕಾದಷ್ಟಾಗಿದೆ. ಅದರ ಪ್ರಶ್ನೆಗಳು ಎಲ್ಲಿ ಹುಟ್ಟಿದವು, ಉತ್ತರಗಳು ಯಾರ ಕಪಾಟಿನಲ್ಲಿ ಕೂತವು ಎಂಬುದೇ ತಕರಾರು. ಪ್ರಶ್ನೆ ಹುಟ್ಟುವ ಜಾಗ ಬದಲಾದರೆ ಉತ್ತರವೂ ಎಷ್ಟು ಬದಲಾಗಬಹುದು ಎಂಬುದಕ್ಕೆ ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಒಳ್ಳೆಯ ಸಾಕ್ಷಿ. ಅಲ್ಲಿ ಆರೋಗ್ಯ, ಕಾಡು, ಸ್ವಯಮಾಡಳಿತ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಅಧ್ಯಯನ ಮಾಡಲು ಹೊರಟವರೆಲ್ಲ ಕೊನೆಗೆ ಉಳಿದೆರಡರ ಬಾಗಿಲು ತಟ್ಟಿದ್ದಾರೆ.

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳು ಕೈಕೂಡಿಸುವ ಈ ಬೆಟ್ಟಸಾಲಿನ ಮೂಲ ನಿವಾಸಿಗಳು ಸೋಲಿಗರು. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಕಾರಣ ದೇವರು ಅವರಿಗೆ ಭಾವ. ದೊಡ್ಡಸಂಪಿಗೆ ಮರ, ಭಾರ್ಗವಿ ಹೊಳೆ, ರೊಟ್ಟಿಹಬ್ಬ ಇವೆಲ್ಲ ಹೊರಗಿನವರಿಗೂ ಅಷ್ಟಿಷ್ಟು ಗೊತ್ತು. ಹೊರಗಿನವರಿಗೆ ಕಡಿಮೆ ಗೊತ್ತಿರುವುದು ‘ಯೆಲ್ಲೆ’ಯ ವ್ಯವಸ್ಥೆ. ಇಡೀ ಕಾಡು ಕುಲಕುಲಗಳ ಯೆಲ್ಲೆಗಳಾಗಿ ಹಂಚಿಹೋಗಿದೆ. ಪ್ರತಿ ಯೆಲ್ಲೆಯಲ್ಲೂ ಒಂದು ದೇವರು, ಒಬ್ಬಳು ಮಾರಮ್ಮ, ಒಂದು ವೀರು, ಸತ್ತವರ ನೆನಪಿನ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಯಜಮಾನ, ಚಾಲುವಾದಿ, ತಮ್ಮಡಿ ಎಂಬ ಸ್ಥಾನಗಳಲ್ಲಿದ್ದವರು ಕೂತು ನ್ಯಾಯ ತೀರ್ಮಾನ ಮಾಡುವ ಕ್ರಮ ಇತ್ತು, ಕೆಲವು ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ಈಗಲೂ ಇದೆ. ಕಾಗದದ ಮೇಲೆ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಈ ಆಡಳಿತ ಸರ್ಕಾರದ ಕಣ್ಣಿಗೆ ಬೀಳಲಿಲ್ಲ.

1974ರಲ್ಲಿ ಕಾಡು ವನ್ಯಜೀವಿಧಾಮವಾಯಿತು. ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತಿತು, ಜನ ಗೊತ್ತುಪಡಿಸಿದ ಪೋಡುಗಳಲ್ಲಿ ನೆಲೆನಿಲ್ಲಬೇಕಾಯಿತು. ಬೇಟೆ ಹೋಯಿತು, ಅದರ ಜೊತೆಗೆ ಬೆಂಕಿ ಹಚ್ಚುವ ರೂಢಿಯೂ ಹೋಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಇಡುವುದು ಅಪರಾಧ.

ಎಪ್ಪತ್ತರ ದಶಕದ ಕೊನೆಗೆ ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಬಂದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. ಔಷಧ ಕೊಡಲು ಬಂದ ವೈದ್ಯರು ಶಾಲೆ ಕಟ್ಟಬೇಕಾಯಿತು, ಕೂಲಿಯ ಬಗ್ಗೆ ಮಾತಾಡಬೇಕಾಯಿತು, ಕಾಡಿನ ಹುಟ್ಟುವಳಿಯ ಬೆಲೆಗಾಗಿ ಜಗಳವಾಡಬೇಕಾಯಿತು, ಸಂಘಟನೆ ಕಟ್ಟಲು ನೆರವಾಗಬೇಕಾಯಿತು. ಕುಡುಗೋಲು ಕಣದ ಕಾಯಿಲೆ ಸೋಲಿಗರಲ್ಲಿದೆ ಎಂಬುದು ಹೊರಬಿದ್ದದ್ದೂ ಈ ದಿನನಿತ್ಯದ ಚಿಕಿತ್ಸೆಯ ನಡುವೆ, ಬಂದ ರೋಗಿಯ ನೋವಿಗೆ ಕಾರಣ ಹುಡುಕುವಾಗ. ನೀಲಗಿರಿಯ ಪ್ರಬಂಧದಲ್ಲಿದ್ದ ರಕ್ತಕಣವೇ ಇಲ್ಲೂ ಇತ್ತು. ಇಲ್ಲಿ ಅದಕ್ಕೆ ರೋಗಿಯ ಹೆಸರು, ಪೋಡಿನ ವಿಳಾಸ, ಮುಂದಿನ ವಾರದ ಭೇಟಿ ಸೇರಿಕೊಂಡವು. 1994ರಲ್ಲಿ ಈ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ಹಲವರಿಗೆ ನೆನಪಿರಬಹುದು.

ಇನ್ನು ನೆಲ್ಲಿಕಾಯಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ತೊಂಬತ್ತರ ದಶಕದಲ್ಲಿ ನಡೆದ ಲೆಕ್ಕಾಚಾರಗಳ ಪ್ರಕಾರ ಸೋಲಿಗ ಕುಟುಂಬದ ನಗದು ಆದಾಯದ ಸುಮಾರು ಅರ್ಧದಷ್ಟು ಬರುತ್ತಿದ್ದದ್ದು ಜೇನು, ನೆಲ್ಲಿ, ಕಲ್ಲುಹೂ, ಸೀಗೆ, ಅಂಟುವಾಳಗಳಂಥ ಕಾಡಿನ ಹುಟ್ಟುವಳಿಯಿಂದ. ಕೊಳ್ಳುತ್ತಿದ್ದದ್ದು ಲ್ಯಾಂಪ್ಸ್ ಎಂಬ ಬುಡಕಟ್ಟು ಜನರ ಸಹಕಾರ ಸಂಘ. ಕಾಡಿನಲ್ಲಿ ನೆಲ್ಲಿಯ ಎಳೆಯ ಗಿಡಗಳು ಕಡಿಮೆಯಾಗುತ್ತಿವೆ ಎಂಬ ಆತಂಕ ಸಂಶೋಧಕರಲ್ಲೂ ಅಧಿಕಾರಿಗಳಲ್ಲೂ ಇತ್ತು. ಹೊರಗಿನಿಂದ ನೋಡಿದರೆ ಕಾರಣ ಕಣ್ಣಿಗೆ ರಾಚುವಂತಿದೆ: ಸೋಲಿಗರು ಕಾಯಿ ಕೀಳುತ್ತಾರೆ, ಬೀಜ ನೆಲಕ್ಕೆ ಬೀಳುವುದಿಲ್ಲ, ಆದ್ದರಿಂದ ಸಸಿ ಹುಟ್ಟುವುದಿಲ್ಲ. ಇದೇ ತರ್ಕದಲ್ಲಿ ನಡೆದರೆ ಕೀಳುವುದನ್ನು ನಿಲ್ಲಿಸಿದರೆ ಕಾಡು ಉಳಿಯುತ್ತದೆ. ಕಾನೂನು ನಡೆದದ್ದೂ ಹೀಗೆಯೇ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಅಭಯಾರಣ್ಯಗಳಿಂದ ಮಾರಾಟಕ್ಕಾಗಿ ಏನನ್ನೂ ಹೊರಗೊಯ್ಯುವಂತಿಲ್ಲ ಎಂದಾಯಿತು. 2004ರಿಂದ ಬೆಟ್ಟದಲ್ಲಿ ಅದರ ಬಿಸಿ ತಟ್ಟಿತು. ಮನೆಯ ಅರ್ಧ ಆದಾಯ ಒಂದು ಆದೇಶದಲ್ಲಿ ಕರಗಿತು. ಜನ ಕೊಡಗಿನ ಕಡೆಗೆ, ಕಾಫಿ ತೋಟಗಳ ಕೂಲಿಗೆ ಹೊರಟರು.

ಅದೇ ಹೊತ್ತಿಗೆ ಬೆಟ್ಟದಲ್ಲಿ ಬೇರೊಂದು ಬಗೆಯ ಅಧ್ಯಯನವೂ ನಡೆದಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಪರಿಸರ ವಿಜ್ಞಾನಿಗಳು, ಗಿರಿಜನ ಕಲ್ಯಾಣ ಕೇಂದ್ರ, ಕಾಯಿ ಕೀಳುವ ಸೋಲಿಗರು ಮೂವರೂ ಸೇರಿ ಪ್ರತಿವರ್ಷ ಕೊಯ್ಲಿಗೆ ಮೊದಲು ಕಾಡಿನ ಯಾವ ಭಾಗದಲ್ಲಿ ಎಷ್ಟು ಕಾಯಿ ಇದೆ ಎಂದು ಅಂದಾಜು ಮಾಡುವುದು, ಕೊಯ್ಲಾದ ಮೇಲೆ ಎಷ್ಟು ಉಳಿಯಿತು ಎಂದು ನೋಡುವುದು, ಮರಗಳ ಸ್ಥಿತಿ ಬರೆದಿಡುವುದು ರೂಢಿಯಾಗಿತ್ತು. ಆರ್. ಸಿದ್ದಪ್ಪ ಸೆಟ್ಟಿ, ಗಣೇಶನ್ ಮುಂತಾದವರ ಹೆಸರು ಈ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಮರದ ಕೆಳಗೆ ಕೂತು ಮಾತಾಡುವಾಗ ಸೋಲಿಗರು ಹೇಳುತ್ತಿದ್ದದ್ದು ಬೇರೆಯೇ ಕಾರಣ. ನೆಲ್ಲಿ ಮರವನ್ನು ಸಾಯಿಸುತ್ತಿರುವುದು ಕೊಂಬೆಯ ಮೇಲೆ ಬೇರೂರುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು. ಸಸಿಯನ್ನು ಏಳಲು ಬಿಡದಿರುವುದು ನೆಲವನ್ನೆಲ್ಲ ಮುಚ್ಚಿರುವ ಲಂಟಾನ ಎಂಬ ಕಳೆಪೊದೆ. ಎರಡೂ ಹೆಚ್ಚಿದ್ದು ತರಗು ಬೆಂಕಿ ನಿಂತ ಮೇಲೆ.

ತರಗು ಬೆಂಕಿ ಎಂದರೆ ಬೇಸಿಗೆಯಲ್ಲಿ ಕಾಡನ್ನು ಆಹುತಿ ತೆಗೆದುಕೊಳ್ಳುವ ಬೆಂಕಿಯಲ್ಲ. ಚಳಿಗಾಲ ಮುಗಿಯುವ ಮೊದಲು, ನೆಲದಲ್ಲಿ ಇನ್ನೂ ಪಸೆ ಇರುವಾಗ, ಬಿದ್ದ ಎಲೆಗಷ್ಟೇ ಹಚ್ಚುವ ಬೆಂಕಿ ಅದು. ಮೊಣಕಾಲೆತ್ತರ ಏಳುತ್ತದೆ, ತರಗು ಮುಗಿದಲ್ಲಿ ಆರುತ್ತದೆ. ಉಣ್ಣೆ ಸಾಯುತ್ತದೆ, ಹೊಸ ಹುಲ್ಲು ಚಿಗುರಿ ಜಿಂಕೆ ಕಡವೆ ಕಾಟಿಗಳಿಗೆ ಮೇವಾಗುತ್ತದೆ, ಎಳೆಯ ಲಂಟಾನ ಸುಟ್ಟುಹೋಗುತ್ತದೆ, ಹೊಗೆಯ ಕಾವಿಗೆ ಉಪ್ಪಿಲು ಸೊರಗುತ್ತದೆ ಎಂಬುದು ಹಿರಿಯರ ವಿವರಣೆ. ವಿಜ್ಞಾನಿಗಳು ಇದನ್ನು ಕೇಳಿ ತಲೆದೂಗಿ ಸುಮ್ಮನಾಗಲಿಲ್ಲ, ಅಳೆಯಲು ಹೊರಟರು. 1997ರಲ್ಲಿ ಗುರುತಿಸಿದ್ದ ತಾಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಹೊಕ್ಕಿದ್ದ ತಾಕುಗಳ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಅವರ ಈ ಅಧ್ಯಯನದ ಜೊತೆಗೇ, ಲಂಟಾನದ ಬಗ್ಗೆ ಸೋಲಿಗರ ತಿಳಿವಳಿಕೆಯನ್ನು ದಾಖಲಿಸಿದ ಇನ್ನೊಂದು ಪ್ರಬಂಧವೂ ಪ್ರಕಟವಾಯಿತು. ನೆಲ್ಲಿಯ ಎರಡು ಜಾತಿಗಳ ಮೇಲೆ ವರ್ಷಗಟ್ಟಲೆ ಕಲೆಹಾಕಿದ ಅಂಕಿಅಂಶಗಳನ್ನು ಹವಾಯಿಯ ಟಾಮಾರಾ ಟಿಕ್ಟಿನ್ ಮತ್ತು ಸಂಗಡಿಗರು 2012ರಲ್ಲಿ ಬಿಡಿಸಿ ನೋಡಿದರು. ಮರಗಳ ಇಳಿಕೆಗೆ ಕಾಯಿ ಕೊಯ್ಲಿಗಿಂತ ಲಂಟಾನ ಮತ್ತು ಬಂದಳಿಕೆಯ ಪಾಲು ದೊಡ್ಡದು ಎಂದೇ ಅದೂ ಸೂಚಿಸಿತು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಬೆಟ್ಟದಲ್ಲಿ ಕ್ಷೇತ್ರಕಾರ್ಯ ಮಾಡಿದವರ ಹೆಸರೂ ಇದೆ. ಇಂಥ ಕಡೆ ಅದೇನೂ ಸಣ್ಣ ವಿಷಯವಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕಾಡಿನವರ ಮಾತೆಲ್ಲ ವೇದವಾಕ್ಯ ಎನ್ನುವ ಹೊಸ ಭಕ್ತಿಯೊಂದು ನಗರಗಳಲ್ಲಿ ಹುಟ್ಟಿಕೊಂಡಿದೆ. ಅದು ಹಳೆಯ ತಿರಸ್ಕಾರದಷ್ಟೇ ಸೋಮಾರಿ. ಸೋಲಿಗರ ಹೇಳಿಕೆಗಳಲ್ಲಿ ಕೆಲವು ಅಳತೆಗೆ ಪೂರ್ತಿ ಹೊಂದಿದವು, ಕೆಲವು ಅರೆಬರೆ ಹೊಂದಿದವು. ಕೀಳುವಾಗ ಕೊಂಬೆ ಕಡಿಯುವ ಅಭ್ಯಾಸದಿಂದ ಮರಕ್ಕೆ ಏಟಾಗುತ್ತದೆ ಎಂಬುದು ಅವರೂ ಕೂತು ಚರ್ಚಿಸಿದ ವಿಷಯವೇ. ಹಾಗೆಯೇ, ಈಗ ಆಳೆತ್ತರಕ್ಕೆ ಬೆಳೆದು ಒಣಗಿದ ಲಂಟಾನದ ಮೆಳೆಗೆ ಬೆಂಕಿ ಇಟ್ಟರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ನೆತ್ತಿಗೇರುತ್ತದೆ ಎಂದು ಮೊದಲು ಹೇಳುವವರೂ ಅವರೇ. ಮೊದಲು ಮೆಳೆ ಕಡಿಯಬೇಕು, ಆಮೇಲೆ ಬೆಂಕಿಯ ಮಾತು. ಸಮುದಾಯದ ಜೊತೆಗೂಡಿ ಮಾಡುವ ಸಂಶೋಧನೆಯ ಲಾಭ ಇರುವುದು ಇಲ್ಲಿಯೇ. ಎರಡೂ ಕಡೆಯವರು ಪರಸ್ಪರ ಪ್ರಶ್ನಿಸಲು ಅದರಲ್ಲಿ ಜಾಗವಿದೆ.

ಆದರೆ ಕಾನೂನಿಗೆ ಈ ಜಾಣ್ಮೆ ಬರಲಿಲ್ಲ. ನಿಷೇಧ ಬಂದಾಗ ಲಂಟಾನವನ್ನು ಯಾರೂ ಕೇಳಲಿಲ್ಲ, ಸೋಲಿಗರನ್ನೂ ಕೇಳಲಿಲ್ಲ.

ಹೊಟ್ಟೆಯ ಕಡೆಗೆ ಬಂದರೆ ಕಾಡಿನ ಈ ಕತೆಯೇ ಆರೋಗ್ಯದ ಕತೆಯಾಗುತ್ತದೆ. ರಾಗಿ, ಸಾಮೆ, ನವಣೆ, ಅವರೆ, ಕುಂಬಳ ಎಲ್ಲವನ್ನೂ ಒಟ್ಟಿಗೆ ಬಿತ್ತುತ್ತಿದ್ದ ಹೊಲ, ಕಾಡಿನ ಗೆಣಸು, ಹತ್ತಾರು ಬಗೆಯ ಸೊಪ್ಪು, ಅಣಬೆ, ಜೇನು ಇದ್ದ ತಟ್ಟೆಗೆ ನಿಧಾನವಾಗಿ ಪಡಿತರದ ಅಕ್ಕಿ ಬಂದು ಕೂತಿತು. ಆನೆ, ಹಂದಿಗಳ ಕಾಟಕ್ಕೆ ರಾಗಿ ಹೊಲ ಬಿಟ್ಟವರಿದ್ದಾರೆ. ಮೇಲಿನ ಪೋಡುಗಳಲ್ಲಿ ಕಾಫಿ, ಮೆಣಸು ಬೆಳೆದು ನಾಲ್ಕು ಕಾಸು ನೋಡಿದವರೂ ಇದ್ದಾರೆ. ಹಾಗಾಗಿ ಎಲ್ಲರ ಕತೆಯೂ ಇಳಿಜಾರಿನದ್ದೇ ಎನ್ನುವಂತಿಲ್ಲ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಪ್ರಶಾಂತ್ ಎನ್. ಶ್ರೀನಿವಾಸ್ ಮತ್ತು ಸಂಗಡಿಗರು ಬೆಟ್ಟದಲ್ಲೇ ಕ್ಷೇತ್ರ ಕೇಂದ್ರ ಇಟ್ಟುಕೊಂಡು ಕೆಲವು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಸರಳವಾಗಿದೆ, ಚೂಪಾಗಿಯೂ ಇದೆ. ಅದೇ ಕಾಡಂಚು, ಅದೇ ರಸ್ತೆ, ಅದೇ ಪ್ರಾಥಮಿಕ ಆರೋಗ್ಯ ಕೇಂದ್ರ ಇರುವಾಗ, ಬುಡಕಟ್ಟಿನವರ ಮತ್ತು ಅವರ ನೆರೆಯವರ ಆರೋಗ್ಯದ ನಡುವೆ ಅಂತರ ಏಕೆ? ಕಾಡು ದೂರ, ರಸ್ತೆ ಇಲ್ಲ ಎಂಬ ಸಿದ್ಧ ಉತ್ತರಗಳನ್ನು ಈ ಪ್ರಶ್ನೆ ಪಕ್ಕಕ್ಕೆ ತಳ್ಳುತ್ತದೆ. ಉಳಿಯುವುದು ಆಸ್ಪತ್ರೆಯಲ್ಲಿ ಸಿಗುವ ಮರ್ಯಾದೆ, ಕೈಯಲ್ಲಿರುವ ದುಡ್ಡು, ಜಮೀನಿನ ಕಾಗದ, ಯಾರ ಮಾತಿಗೆ ಬೆಲೆ ಎಂಬಂಥ ಸಂಗತಿಗಳು.

ಇಂಥ ಹೋಲಿಕೆ ಸರ್ಕಾರದ ಲೆಕ್ಕಪುಸ್ತಕದಿಂದಲೇ ಏಕೆ ಸಿಗುವುದಿಲ್ಲ ಎಂದು ಕೇಳಬಹುದು. ಡಾ. ಅಭಯ್ ಬಂಗ್ ನೇತೃತ್ವದ ತಜ್ಞರ ಸಮಿತಿ 2018ರ ವರದಿಯಲ್ಲಿ ಇದನ್ನೇ ನೇರವಾಗಿ ಬರೆಯಿತು. ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಬುಡಕಟ್ಟು ಜನ, ಅಂದರೆ ಜನಸಂಖ್ಯೆಯ ಶೇ 8.6ರಷ್ಟು ಮಂದಿ ಇದ್ದಾರೆ. ಅವರ ಆರೋಗ್ಯದ ಬಗ್ಗೆ ಪ್ರತ್ಯೇಕವಾದ, ನಂಬಬಹುದಾದ ಮಾಹಿತಿಯೇ ಸರಿಯಾಗಿಲ್ಲ. ಜನಾಂಗ ಯಾವುದೆಂದು ತಿಳಿಯಲು ರಕ್ತ ತೆಗೆದ ದೇಶದಲ್ಲಿ ಜ್ವರದ ಲೆಕ್ಕ ಇಟ್ಟಿರಲಿಲ್ಲ.

ಸ್ವಯಮಾಡಳಿತದ ಅಧ್ಯಾಯ ಒಂದು ನಕ್ಷೆಯಿಂದ ಶುರುವಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ಎರಡು ಬಗೆಯ ಹಕ್ಕು ಕೊಟ್ಟಿತು. ಉಳುವ ತುಂಡುಭೂಮಿಯ ಹಕ್ಕು ಎಲ್ಲರಿಗೂ ಗೊತ್ತು. ಇನ್ನೊಂದು, ನನ್ನ ಲೆಕ್ಕದಲ್ಲಿ ಹೆಚ್ಚು ದೊಡ್ಡದು, ತಾವು ಹಿಂದಿನಿಂದ ಬಳಸಿ ಕಾಪಾಡಿಕೊಂಡು ಬಂದ ಸಾಮುದಾಯಿಕ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕು. ಅದನ್ನು ಚಲಾಯಿಸಬೇಕಾದದ್ದು ಗ್ರಾಮಸಭೆ. ಇದಕ್ಕೆ ಪುರಾವೆ ಏನು ಕೊಡಬೇಕು? ಕಾಯ್ದೆಯ ನಿಯಮಗಳು ಇಲ್ಲಿ ಅಪರೂಪದ ಔದಾರ್ಯ ತೋರಿವೆ. ದೇವರ ಮರ, ಬನ, ಸಮಾಧಿ ಸ್ಥಳ, ಹಿರಿಯರು ಹೇಳಿ ಬರೆಸಿದ ಮಾತು, ಇವೆಲ್ಲ ಪುರಾವೆಯೇ.

ಯೆಲ್ಲೆಗಳು ಕೆಲಸಕ್ಕೆ ಬಂದದ್ದು ಆಗ. ಅದಕ್ಕೂ ಮೊದಲೇ ಏಟ್ರೀಯ ನಿತಿನ್ ರೈ, ಸುಷ್ಮಿತಾ ಮಂಡಲ್ ಮತ್ತು ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡ ಅವರು ಹಿರಿಯರ ಜೊತೆ ಕಾಡು ಸುತ್ತಿ, ನೂರಾರು ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ಜಾಗವನ್ನು ಜಿಪಿಎಸ್ ಹಿಡಿದು ಗುರುತಿಸುವ ಕೆಲಸ ನಡೆಸಿದ್ದರು. ಹಿರಿಯರು ಮುಂದೆ ನಡೆದರು, ಯುವಕರು ಯಂತ್ರ ಹಿಡಿದರು. ಕುಲದ ನೆನಪಿನಲ್ಲಿದ್ದ ಗಡಿ ಕಾಗದಕ್ಕೆ ಇಳಿಯಿತು. ಹೀಗೆ ಇಳಿಸುವುದರಲ್ಲಿ ಅಪಾಯವೂ ಇದೆ. ಗುಟ್ಟಾಗಿರಬೇಕಾದ ಜಾಗ ನಕ್ಷೆಗೆ ಬಂದರೆ ನಾಳೆ ಯಾರ ಕೈಗೆ ಸಿಗುತ್ತದೋ ಹೇಳಲಾಗದು. ಹರಿಯುವ ಗಡಿ ಗೆರೆಯಾಗಿ ಗಟ್ಟಿಯಾದರೆ ಕುಲಕುಲಗಳ ನಡುವೆ ಹೊಸ ಜಗಳ ಹುಟ್ಟಬಹುದು. ಆದರೂ ಸರ್ಕಾರದ ಮುಂದೆ ಮಾತಾಡಬೇಕಾದರೆ ಸರ್ಕಾರಕ್ಕೆ ಅರ್ಥವಾಗುವ ದಾಖಲೆ ಬೇಕು ಎಂಬ ತೀರ್ಮಾನಕ್ಕೆ ಸೋಲಿಗರು ಬಂದರು. ಅದು ಅವರದ್ದೇ ತೀರ್ಮಾನವಾಗಿತ್ತು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಒಕ್ಕಲೆಬ್ಬಿಸುತ್ತಾರೆಂಬ ಭಯ ಪೋಡು ಪೋಡಿಗೂ ಹಬ್ಬಿತು. ಸೋಲಿಗ ಅಭಿವೃದ್ಧಿ ಸಂಘ ಬೀದಿಗಿಳಿಯಿತು, ಜೊತೆಗೆ ಅರ್ಜಿ ಕೆಲಸವನ್ನೂ ಬಿಡಲಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಎಂದು ಇದನ್ನು ಎಲ್ಲೆಡೆ ಉಲ್ಲೇಖಿಸುತ್ತಾರೆ. ನಿಷೇಧಕ್ಕೊಳಗಾಗಿದ್ದ ಜೇನು, ನೆಲ್ಲಿಗಳ ಸಂಗ್ರಹಕ್ಕೆ ಕಾನೂನಿನ ಬಲ ಬಂತು. ಹುಲಿಗಳ ಸಂಖ್ಯೆ ಆ ಮುಂದಿನ ವರ್ಷಗಳಲ್ಲಿ ಏರಿತೆಂದು ವರದಿಯಾಯಿತು. ಏರಿದ್ದು ಸೋಲಿಗರು ಇದ್ದದ್ದರಿಂದಲೇ ಎಂದು ಯಾರೂ ಸಾಬೀತುಪಡಿಸಿಲ್ಲ. ಅವರಿದ್ದರೆ ಹುಲಿ ಉಳಿಯದು ಎಂಬ ವಾದ ಮಾತ್ರ ಸ್ವಲ್ಪ ಮೆತ್ತಗಾಯಿತು.

ನಮ್ಮ ಬೆಟ್ಟ ಬಿಟ್ಟು ಸ್ವಲ್ಪ ಹೊರಗೆ ನೋಡೋಣ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಬದುಕುವ ಹವಾಸುಪಾಯಿ ಜನ 1990ರ ಸುಮಾರಿಗೆ ಸಕ್ಕರೆ ಕಾಯಿಲೆಯ ಕಾರಣ ತಿಳಿಯಲೆಂದು ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರಿಗೆ ರಕ್ತ ಕೊಟ್ಟರು. ಆ ರಕ್ತ ಅವರಿಗೆ ತಿಳಿಯದಂತೆ ಮನೋರೋಗದ ಅಧ್ಯಯನಕ್ಕೂ, ಪ್ರಾಚೀನ ವಲಸೆಯ ಅಧ್ಯಯನಕ್ಕೂ ಬಳಕೆಯಾಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2010ರಲ್ಲಿ ಏಳು ಲಕ್ಷ ಡಾಲರ್ ಪರಿಹಾರದ ಒಪ್ಪಂದವಾಯಿತು, ಉಳಿದ ಮಾದರಿಗಳು ವಾಪಸ್ ಬಂದವು. ಸಕ್ಕರೆ ಕಾಯಿಲೆಗೇ ಬೇರೆ ದಾರಿ ಹಿಡಿದವರು ಕೆನಡಾದ ಮಾಂಟ್ರಿಯಲ್ ಪಕ್ಕದ ಕಾನವಾಕೆಯ ಮೊಹಾಕ್ ಜನ. ಊರಿನ ಕುಟುಂಬ ವೈದ್ಯರು ಕಾಯಿಲೆಯ ಪ್ರಮಾಣ ತೋರಿಸಿದಾಗ, ಮಕ್ಕಳ ವಿಷಯದಲ್ಲಿ ಏನಾದರೂ ಮಾಡಿ ಎಂದು ಹಿರಿಯರೇ ಕೇಳಿದರು. 1994ರಲ್ಲಿ ಶಾಲೆಗಳ ಮೂಲಕ ಸಕ್ಕರೆ ಕಾಯಿಲೆ ತಡೆಯುವ ಯೋಜನೆ ಶುರುವಾಯಿತು. ಅದಕ್ಕೊಂದು ಸಂಶೋಧನಾ ನೀತಿಸಂಹಿತೆಯನ್ನು ಸಮುದಾಯ ಮತ್ತು ವಿಜ್ಞಾನಿಗಳು ಕೂಡಿ ಬರೆದರು. ಅದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಕರಾರಿದೆ. ಫಲಿತಾಂಶದ ಅರ್ಥದ ಬಗ್ಗೆ ಸಮುದಾಯಕ್ಕೂ ಸಂಶೋಧಕರಿಗೂ ಒಮ್ಮತ ಬರದಿದ್ದರೆ, ಇಬ್ಬರ ಅಭಿಪ್ರಾಯವೂ ಪ್ರಕಟವಾಗಬೇಕು. ಬಾಯಿ ಮುಚ್ಚಿಸುವ ಅಧಿಕಾರ ಯಾರಿಗೂ ಇಲ್ಲ. ಕೆನಡಾದ ಮೂಲನಿವಾಸಿಗಳು 1998ರಿಂದೀಚೆಗೆ ಮಾಹಿತಿಯ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಎಂಬ ನಾಲ್ಕು ಹಕ್ಕುಗಳನ್ನು ಸಾಲುಗೂಡಿಸಿ ಕೇಳುತ್ತ ಬಂದಿದ್ದಾರೆ.

ಬೆಂಕಿಯ ವಿಷಯದಲ್ಲಿ ಪಾಠ ಇರುವುದು ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ. ಅಲ್ಲಿನ ಮೂಲನಿವಾಸಿಗಳು ಒಣಗಾಲದ ಆರಂಭದಲ್ಲೇ ಸಣ್ಣ ಸಣ್ಣ ಬೆಂಕಿ ಹಚ್ಚಿ, ಕೊನೆಯಲ್ಲಿ ಬರುವ ದೊಡ್ಡ ಕಾಡ್ಗಿಚ್ಚನ್ನು ತಡೆಯುತ್ತಿದ್ದರು. ಜನರನ್ನು ನೆಲದಿಂದ ಎಬ್ಬಿಸಿದ ಮೇಲೆ ದೊಡ್ಡ ಕಿಚ್ಚು ರೂಢಿಯಾಯಿತು. 2006ರಲ್ಲಿ ಪಶ್ಚಿಮ ಆರ್ನ್‌ಹೆಮ್‌ನ 28 ಸಾವಿರ ಚದರ ಕಿಲೋಮೀಟರ್‌ನಲ್ಲಿ ಆ ಹಳೆಯ ಬೆಂಕಿಯನ್ನು ಮತ್ತೆ ಆರಂಭಿಸಿದರು. ಮೂಲನಿವಾಸಿ ರೇಂಜರ್‌ಗಳು ಬೆಂಕಿ ಹಚ್ಚುತ್ತಾರೆ, ಕಡಿಮೆಯಾದ ಹಸಿರುಮನೆ ಅನಿಲಕ್ಕೆ ಒಂದು ಅನಿಲ ಕಂಪನಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ಕೊಡುವ ಒಪ್ಪಂದ ಅದಾಗಿತ್ತು. ಇದೇ ಪ್ರಾಂತದಲ್ಲಿ 2009ರಲ್ಲಿ ಪ್ರಕಟವಾದ ಆರೋಗ್ಯ ಅಧ್ಯಯನ ಇನ್ನೊಂದು ತುದಿಯನ್ನು ಹಿಡಿಯಿತು. ತಮ್ಮ ನೆಲದ ಆರೈಕೆಯಲ್ಲಿ ಹೆಚ್ಚು ತೊಡಗಿದವರಲ್ಲಿ ಊಟ ಚೆನ್ನಾಗಿತ್ತು, ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಕಡಿಮೆಯಿತ್ತು. ಆರೋಗ್ಯವಂತರೇ ಹೆಚ್ಚು ಓಡಾಡುತ್ತಾರೆ ಎಂಬ ಆಕ್ಷೇಪಣೆಗೆ ಜಾಗ ಇದ್ದೇ ಇದೆ. ಆದರೂ ಬೆಂಕಿ ಮತ್ತು ರಕ್ತದ ಸಕ್ಕರೆಯನ್ನು ಒಂದೇ ಹಾಳೆಯ ಮೇಲೆ ಬರೆಯಬಹುದು ಎಂದು ತೋರಿಸಿದ್ದು ದೊಡ್ಡದು.

ಮತ್ತೆ ಬೆಟ್ಟಕ್ಕೆ. ಕೆಲವು ವರ್ಷಗಳ ಹಿಂದೆ ಏಟ್ರೀ ವಿಜ್ಞಾನಿಗಳು ಕಂಡುಹಿಡಿದ ಕಣಜದ ಹೊಸ ಕುಲವೊಂದಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟರು. ಗೌರವ ನಿಜ, ಸಂತೋಷವೂ ಹೌದು. ಆದರೆ ಹುಳಕ್ಕೆ ಹೆಸರಿಡುವುದು ಸುಲಭ, ಕಾಡಿನ ಕಾರ್ಯಯೋಜನೆಯಲ್ಲಿ ಪಾಲು ಕೊಡುವುದು ಕಷ್ಟ. ಹಕ್ಕುಪತ್ರ ಬಂದ ಮೇಲೆ ಸೋಲಿಗರು ತಮ್ಮದೇ ಸಂರಕ್ಷಣಾ ಯೋಜನೆಯ ಕರಡನ್ನೂ ಸಿದ್ಧಪಡಿಸಿದರು, ಲಂಟಾನ ತೆಗೆಯುವುದು, ತರಗು ಬೆಂಕಿ, ಕಾವಲು ಎಲ್ಲವೂ ಅವರ ಮಾತುಕತೆಯ ವಿಷಯಗಳೇ. ವನ್ಯಜೀವಿ ಕಾಯ್ದೆಯ ಪ್ರಕಾರ ಹುಲಿ ಸಂರಕ್ಷಣಾ ಯೋಜನೆ ಬರೆಯುವ ಅಧಿಕಾರ ಮಾತ್ರ ಇಂದಿಗೂ ಸರ್ಕಾರದ್ದು. ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ನಿರ್ವಹಣೆಯ ಹಕ್ಕು ಕೊಡುತ್ತದೆ, ವನ್ಯಜೀವಿ ಕಾಯ್ದೆ ಬೆಂಕಿಕಡ್ಡಿ ಗೀರಿದವನನ್ನು ಅಪರಾಧಿ ಮಾಡುತ್ತದೆ. ಎರಡೂ ಇದೇ ದೇಶದ ಸಂಸತ್ತು ಮಾಡಿದ ಕಾನೂನುಗಳು.

ಆರೋಗ್ಯದ ಕಡೆಯೂ ಇಂಥದ್ದೇ ಒಂದು ಗಂಟು ಬಿಗಿಯುತ್ತಿದೆ. ಕುಡುಗೋಲು ಕಣದ ಅಭಿಯಾನದಲ್ಲಿ ತಪಾಸಣೆಯ ಮಾಹಿತಿ ರಾಷ್ಟ್ರೀಯ ಪೋರ್ಟಲ್‌ಗೆ ಏರುತ್ತದೆ, ವಾಹಕರೋ ಅಲ್ಲವೋ ಎಂಬುದನ್ನು ತೋರಿಸುವ ಕಾರ್ಡು ಕೈಗೆ ಬರುತ್ತದೆ. ಮದುವೆಗೆ ಮುಂಚೆ ಕಾರ್ಡು ಜೋಡಿಸಿ ನೋಡಿ ಎಂಬ ಸಲಹೆಯೂ ಅದರ ಜೊತೆಗಿದೆ. ಕುಲ ನೋಡಿ ಮದುವೆಯಾಗುವ ಸಮಾಜದಲ್ಲಿ ಈ ಕಾರ್ಡು ಯಾರ ಮಗಳಿಗೆ ಗಂಡು ಸಿಗದಂತೆ ಮಾಡುತ್ತದೆ ಎಂಬುದನ್ನು ದೆಹಲಿಯ ಪೋರ್ಟಲ್ ಹೇಳಲಾರದು, ಪೋಡಿನ ಹೆಂಗಸರು ಹೇಳಬಲ್ಲರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಮಾರ್ಗಸೂಚಿ, ಬುಡಕಟ್ಟು ಸಮುದಾಯಗಳಲ್ಲಿ ಅಧ್ಯಯನ ಮಾಡುವಾಗ ಮುಖಂಡರ ಅನುಮತಿ ಪಡೆಯಬೇಕಾಗಿ ಬಂದರೂ ಅದು ವ್ಯಕ್ತಿಯ ಒಪ್ಪಿಗೆಗೆ ಬದಲಿಯಲ್ಲ ಎನ್ನುತ್ತದೆ. ಅದು ಸಂಶೋಧನೆಗೆ ಬರೆದ ನಿಯಮ. ಸರ್ಕಾರಿ ತಪಾಸಣೆ ತನ್ನನ್ನು ಸಂಶೋಧನೆ ಎಂದು ಕರೆದುಕೊಳ್ಳುವುದಿಲ್ಲ, ಹಾಗಾಗಿ ಈ ಪ್ರಶ್ನೆಗಳಿಂದ ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ. ಒಟ್ಟು ಅಂಕಿಅಂಶ ಮೊದಲು ಗ್ರಾಮಸಭೆಯ ಮುಂದೆ, ಕನ್ನಡದಲ್ಲಿ, ಹೆಸರುಗಳಿಲ್ಲದೆ ಓದಿಯಾಗಬೇಕು, ಹೈಡ್ರಾಕ್ಸಿಯೂರಿಯಾ ಮಾತ್ರೆ ಮತ್ತು ಅದಕ್ಕೆ ಬೇಕಾದ ರಕ್ತಪರೀಕ್ಷೆ ಯಾವ ಆಸ್ಪತ್ರೆಯಲ್ಲಿ ಯಾವ ವಾರ ಸಿಗುತ್ತದೆ ಎಂಬುದನ್ನು ಅದೇ ಸಭೆಯಲ್ಲಿ ಹೇಳಬೇಕು. ಇಷ್ಟನ್ನು ಮಾಡಲು ಹೊಸ ಕಾನೂನು ಬೇಕಾಗಿಲ್ಲ.

ಬೆಂಕಿಗೆ ಮಾತ್ರ ಬೇಕು, ಅಥವಾ ಕನಿಷ್ಠ ಒಂದು ಸಹಿ ಬೇಕು. ಪ್ರತಿವರ್ಷ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆ ಕಾಡಿನಲ್ಲಿ ಬೆಂಕಿ ರೇಖೆಗಳನ್ನು ಸವರಿ ಸುಡುತ್ತದೆ, ಬೆಂಕಿ ಕಾಯುವುದಕ್ಕೆ ದಿನಗೂಲಿಗೆ ಜನ ತೆಗೆದುಕೊಳ್ಳುತ್ತದೆ. ಆ ಕೂಲಿಯವರಲ್ಲಿ ಸೋಲಿಗ ಯುವಕರಿದ್ದಾರೆ. ಇಲಾಖೆಯ ಆದೇಶದ ಮೇರೆಗೆ ಅವರು ಹಚ್ಚುವ ಬೆಂಕಿ ಸಂರಕ್ಷಣೆ, ಅಜ್ಜ ಹೇಳಿದ ತಿಂಗಳಲ್ಲಿ ಹಚ್ಚಿದರೆ ಮೊಕದ್ದಮೆ. ಲಂಟಾನ ಕಡಿದು ತೆರವಾದ ಒಂದೆರಡು ಯೆಲ್ಲೆಗಳಲ್ಲಿ, ಗ್ರಾಮಸಭೆ ದಿನ ಗೊತ್ತುಮಾಡಿ, ಇಲಾಖೆಯವರು ನೀರು ಹಿಡಿದು ಪಕ್ಕದಲ್ಲಿ ನಿಂತು, ವಿಜ್ಞಾನಿಗಳು ತಾಕು ಗುರುತಿಸಿ, ಐದಾರು ವರ್ಷ ತರಗು ಬೆಂಕಿ ಹಚ್ಚಿ ನೋಡಲಿ. ನೆಲ್ಲಿ ಸಸಿ ಎದ್ದಿತೋ ಇಲ್ಲವೋ, ಉಪ್ಪಿಲು ಇಳಿಯಿತೋ ಇಲ್ಲವೋ, ಉಣ್ಣೆ ಕಡಿಮೆಯಾಯಿತೋ ಇಲ್ಲವೋ ಎಣಿಸಲಿ. ಸೋಲಿಗರ ಮಾತು ತಪ್ಪೆಂದು ಬಂದರೆ ಅದನ್ನೂ ಪ್ರಕಟಿಸಲಿ, ಒಪ್ಪದಿದ್ದರೆ ಅವರ ವಾದವನ್ನೂ ಪಕ್ಕದಲ್ಲೇ ಅಚ್ಚುಮಾಡಲಿ. ಅದಕ್ಕೆ ಬೇಕಾದ ಅನುಮತಿ ಪತ್ರಕ್ಕೆ ಸಹಿ ಹಾಕಬಲ್ಲ ಅಧಿಕಾರಿ ಬೆಂಗಳೂರಿನಲ್ಲಿದ್ದಾರೆ.